ಸಾದಾ, ಪವರ್ ಮತ್ತು ಪಾನೇವಾಡಿ

ವಿಜಯಪುರ ಕಡೆಯ ನನ್ನ ಗೆಳೆಯನೊಬ್ಬ ಛತ್ರಪತಿ ಸಂಭಾಜಿನಗರದ ಪಕ್ಕದ ವಾಳೂಜ್‌ನಲ್ಲಿ ಕೆಲಸಕ್ಕಿದ್ದಾನೆ. ಬಜಾಜ್ ಕಂಪನಿ 1985ರಲ್ಲಿ ಕಾರ್ಖಾನೆ ತೆರೆದ ಜಾಗ ಅದು. ತಿಂಗಳಿಗೊಮ್ಮೆ ವೈಜಾಪುರ, ಯೇವಲಾ ದಾಟಿ ನಾಸಿಕ್‌ಗೆ ಬೈಕಿನಲ್ಲಿ ಹೋಗಿಬರುತ್ತಾನೆ. ದಾರಿಯ ಬಂಕಿನಲ್ಲಿ ಹುಡುಗ ಪ್ರತಿ ಸಲ ಮರಾಠಿಯಲ್ಲಿ ಕೇಳುವುದು ಒಂದೇ: ‘ಸಾಧಂ ಕೀ ಪವರ್?’ ಹೋದ ತಿಂಗಳು ಅಲ್ಲಿಂದಲೇ ನನಗೆ ಫೋನ್ ಮಾಡಿದ. “ಸಾದಾ ಹಾಕಿಸಿದ್ರ ಗಾಡಿ ಕೆಡತೈತೇನ?”

ಕೆಡುವುದಿಲ್ಲ ಅಂದೆ. ಆದರೆ ಈ ಅನುಮಾನ ಹುಟ್ಟಿದ್ದೆಲ್ಲಿ ಎಂಬುದು ಆಮೇಲೆ ತಲೆಗೆ ಹತ್ತಿತು.

ಮೊದಲು ಆಕ್ಟೇನ್ ಲೆಕ್ಕ ಮುಗಿಸಿಬಿಡುತ್ತೇನೆ. ಸಿಲಿಂಡರಿನಲ್ಲಿ ಒತ್ತಿದ ಪೆಟ್ರೋಲು ಕಿಡಿಯ ಉರಿ ತಲುಪುವ ಮೊದಲೇ ತಾನಾಗಿ ಹೊತ್ತಿಕೊಂಡರೆ ಎಂಜಿನ್ ಒಳಗಿನಿಂದ ಕುಟ್ಟಿದ ಹಾಗೆ ಸದ್ದಾಗುತ್ತದೆ. ಹಾಗೆ ಹೊತ್ತದೆ ತಡೆಯುವ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ. ಅದರಿಂದ ಶಕ್ತಿಯೇನೂ ಹೆಚ್ಚುವುದಿಲ್ಲ. ಅಮೆರಿಕದ ಥಾಮಸ್ ಮಿಡ್ಗ್ಲಿ 1921ರಲ್ಲಿ ಈ ಕುಟ್ಟಾಟಕ್ಕೆ ಸೀಸದ ಮದ್ದು ಕಂಡುಹಿಡಿದ. ಆ ವಿಷವನ್ನು ನಮ್ಮ ದೇಶದ ಪೆಟ್ರೋಲಿನಿಂದ ಪೂರ್ತಿ ಹೊರಹಾಕಲು 2000ದ ಫೆಬ್ರುವರಿವರೆಗೆ ಕಾಯಬೇಕಾಯಿತು. ದಿನಬಳಕೆಯ 100–150 ಸಿಸಿ ಬೈಕುಗಳು ಮಿಶ್ರಣವನ್ನು ಒತ್ತುವುದು ಸುಮಾರು ಒಂಬತ್ತು–ಹತ್ತು ಪಟ್ಟು. ಅದಕ್ಕೆ 91 ಆಕ್ಟೇನ್ ಸಾಕು. ಹನ್ನೆರಡು ಪಟ್ಟಿನ ಆಸುಪಾಸು ಒತ್ತುವ ದೊಡ್ಡ ಬೈಕಿನ ಮಾತು ಬೇರೆ, ಅದರ ಕೈಪಿಡಿ ನೋಡಬೇಕು.

ಇಷ್ಟು ಸರಳವಾದದ್ದಕ್ಕೆ ಜನ ಯಾಕೆ ಹೆಚ್ಚು ದುಡ್ಡು ಕೊಟ್ಟರು?

ಯೇವಲಾದಿಂದ ಉತ್ತರಕ್ಕೆ ಹೋದರೆ ಮನ್ಮಾಡ್. ಅದರ ಹತ್ತಿರ ಪಾನೇವಾಡಿಯಲ್ಲಿ ತೈಲ ಕಂಪನಿಗಳ ದೊಡ್ಡ ಡಿಪೋಗಳಿವೆ. ಮುಂಬೈಯಿಂದ ಕೊಳವೆಯಲ್ಲಿ ಬಂದ ಎಣ್ಣೆ ಅಲ್ಲಿ ಟ್ಯಾಂಕರ್ ಏರುತ್ತದೆ. ಡಿಪೋದ ಗೇಟಿನಿಂದ ಬಂಕಿನವರೆಗಿನ ರಸ್ತೆಯಲ್ಲೇ ಕಲಬೆರಕೆಗೆ ದಾರಿ. ರೇಷನ್ ಸೀಮೆಎಣ್ಣೆಯ ಬೆಲೆ ಆಗ ಪೆಟ್ರೋಲಿನ ನಾಲ್ಕನೇ ಒಂದು ಭಾಗವೂ ಇರಲಿಲ್ಲ. ಬಡವರ ಒಲೆಗೆ ಸೇರಬೇಕಾದದ್ದು ಟ್ಯಾಂಕರಿಗೆ ಸೇರುತ್ತಿತ್ತು. ಸೀಮೆಎಣ್ಣೆಯ ಆಕ್ಟೇನ್ ತೀರಾ ಕಡಿಮೆ. ಬೆರೆತರೆ ಬೈಕು ಕುಟ್ಟುತ್ತದೆ, ಹೊಗೆ ಉಗುಳುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ.

2011ರ ಜನವರಿ 25ರಂದು ಮಾಲೆಗಾಂವ್‌ನ ಅಪರ ಜಿಲ್ಲಾಧಿಕಾರಿ ಯಶವಂತ ಸೋನಾವಣೆ ಈ ದಂಧೆಯನ್ನು ಪಾನೇವಾಡಿಯ ಬಳಿಯೇ ಕಣ್ಣಾರೆ ಕಂಡು ತಡೆಯಲು ನಿಂತರು. ಅವರನ್ನು ಹಗಲಿನಲ್ಲೇ ಜೀವಂತ ಸುಟ್ಟರು. ಮಾರನೆಯ ದಿನ ಗಣರಾಜ್ಯೋತ್ಸವ. ಮಹಾರಾಷ್ಟ್ರದ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿ ಬೀದಿಗಿಳಿದರು.

ಅದಕ್ಕೂ ಐದು ವರ್ಷ ಹಿಂದೆ ಇಂಥದೇ ಸಾವು ನಮ್ಮವರೊಬ್ಬರದು. ಕೆಜಿಎಫ್‌ನ ಮಂಜುನಾಥ್ ಷಣ್ಮುಗಂ ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌದಲ್ಲಿ ಎಂಬಿಎ ಓದಿ ಇಂಡಿಯನ್ ಆಯಿಲ್ ಸೇರಿದವರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಬಂಕಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದರು. ವಯಸ್ಸು 27.

ಭಾರತ್ ಪೆಟ್ರೋಲಿಯಂನ ‘ಸ್ಪೀಡ್’ ಬಂದದ್ದು 2002ರಲ್ಲಿ. ಶುದ್ಧತೆಗೆ ಖಾತರಿ ಎಂಬ ಆ ಕಂಪನಿಯ ‘ಪ್ಯೂರ್ ಫಾರ್ ಶ್ಯೂರ್’ ಫಲಕಗಳು ಅದಕ್ಕಿಂತ ಸ್ವಲ್ಪ ಮೊದಲೇ ಬಂದಿದ್ದವು. ಈ ಕ್ರಮ ನೋಡಿದರೆ ನನಗನ್ನಿಸುವುದು ಇಷ್ಟು: ಜನ ಹೆಚ್ಚು ಕೊಟ್ಟು ಕೊಂಡದ್ದು ವೇಗವನ್ನಲ್ಲ, ಸೀಮೆಎಣ್ಣೆ ಇಲ್ಲ ಎಂಬ ಭರವಸೆಯನ್ನು. ಅದೇ ಬಂಕು, ಅದೇ ಮಾಲೀಕ, ಪಕ್ಕದ ಟ್ಯಾಂಕು ಮಾತ್ರ ಶುದ್ಧ ಎಂದು ನಂಬಿದ್ದು ಹೇಗೋ! ಮೇಲಾಗಿ ‘ಪ್ರೀಮಿಯಂ’ ಅನ್ನುವುದೇ ಎರಡು ಬಗೆ. ಒಂದು ಸಾದಾ ಪೆಟ್ರೋಲಿಗೇ ಎಂಜಿನ್ ತೊಳೆಯುವ ರಾಸಾಯನಿಕ ಸೇರಿಸಿದ್ದು. ಇನ್ನೊಂದು ನಿಜಕ್ಕೂ ಆಕ್ಟೇನ್ ಹೆಚ್ಚಿರುವುದು. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಈ ಎರಡನೆಯ ಬಗೆಯದು. 2020ರ ಡಿಸೆಂಬರ್‌ನಲ್ಲಿ ಅದು ಹೊರಬಂದಾಗ ಮೊದಲ ಹತ್ತು ಊರುಗಳಲ್ಲಿ ಮುಂಬೈ, ಪುಣೆ ಇದ್ದವು, ನಾಸಿಕ್ ಇರಲಿಲ್ಲ.

ಸೀಮೆಎಣ್ಣೆಗೆ ಗುರುತಿನ ರಾಸಾಯನಿಕ ಬೆರೆಸುವ ಕ್ರಮ 2006ರಲ್ಲಿ ಶುರುವಾಗಿ ಎರಡೇ ವರ್ಷದಲ್ಲಿ ನಿಂತುಹೋಗಿತ್ತು. ಕೊನೆಗೆ ದಂಧೆಯ ಬುಡ ಸಡಿಲಿಸಿದ್ದು ಬೆಲೆ. ಸೀಮೆಎಣ್ಣೆಯ ದರವನ್ನು ತಿಂಗಳು ತಿಂಗಳು ಸ್ವಲ್ಪಸ್ವಲ್ಪವೇ ಏರಿಸುತ್ತ 2020ರ ಹೊತ್ತಿಗೆ ಸಬ್ಸಿಡಿಯನ್ನೇ ಇಲ್ಲವಾಗಿಸಿದರು. ಕದಿಯಲು ಲಾಭ ಉಳಿಯಲಿಲ್ಲ, ಒಲೆ ಹಚ್ಚುವವರಿಗೂ ಅಗ್ಗದ ಎಣ್ಣೆ ಉಳಿಯಲಿಲ್ಲ.

ಈಗಿನ ಅನುಮಾನ ಎಥೆನಾಲ್ ಮೇಲೆ. ಇದು ಕಳ್ಳತನದ ಬೆರಕೆಯಲ್ಲ, ಸರ್ಕಾರವೇ ಬೆರೆಸಿದ್ದು. ಶೇ. 20 ಎಥೆನಾಲ್ ಇರುವ ಇ20 ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ತಮಾಷೆಯೆಂದರೆ ಅದರಿಂದ ಸಾದಾ ಪೆಟ್ರೋಲಿನ ಆಕ್ಟೇನ್ 95ಕ್ಕೆ ಏರಿತು. ಮೈಲೇಜು ಮಾತ್ರ ಸ್ವಲ್ಪ ಇಳಿಯುತ್ತದೆ, ಹಳೆಯ ಗಾಡಿಗಳ ರಬ್ಬರ್ ಭಾಗಗಳು ಬೇಗ ಸವೆಯಬಹುದು. ಹಾಗಾಗಿ ಎಕ್ಸ್‌ಪಿ100 ಕೇಳುವವರಲ್ಲಿ ಕೆಲವರಿಗೆ ಬೇಕಿರುವುದು ಆ 100 ಅಲ್ಲ, ಅದರಲ್ಲಿ ಎಥೆನಾಲ್ ಇಲ್ಲ ಎಂಬುದು.

ಗೆಳೆಯನದು 2012ರ ಬೈಕು. ಪೆಟ್ರೋಲ್ ಪೈಪನ್ನೊಮ್ಮೆ ಮೆಕ್ಯಾನಿಕ್‌ಗೆ ತೋರಿಸು, ಸಾದಾನೇ ಹಾಕಿಸು ಅಂದೆ. ಪೈಪು ಬಿರುಕು ಬಿಟ್ಟಿತ್ತಂತೆ, ಬದಲಾಯಿಸಿದ್ದಾನೆ.