ಊರು ಬಿಡದವನ ಭೂಗೋಳ ಪಾಠ



ಪ್ರಪಂಚದ ಪ್ರಾಂತಗಳ ಭೂಗೋಳವನ್ನು ವಿಶ್ವವಿದ್ಯಾನಿಲಯದಲ್ಲಿ ಓದುವುದು ಇಂದು ವಿಶೇಷವಾದ ಸಂಗತಿಯೇನೂ ಅಲ್ಲ. ಏಷ್ಯ, ಆಫ್ರಿಕ, ಯೂರೋಪು, ಅಮೆರಿಕಗಳೆಂದು ಭೂಮಿಯನ್ನು ವಿಂಗಡಿಸಿ, ಒಂದೊಂದರ ಬೆಟ್ಟ ಹೊಳೆಗಳನ್ನೂ ಹವೆ ಬೆಳೆಗಳನ್ನೂ ಜನಜೀವನವನ್ನೂ ಕ್ರಮವಾಗಿ ವಿವರಿಸುವ ಪಾಠ ಅನೇಕ ಕಡೆ ಉಂಟು. ಆದರೆ ಈ ಪಾಠವು ವಿದ್ಯಾಪೀಠದ ಹೊಸ್ತಿಲನ್ನು ದಾಟಿ ಒಳಕ್ಕೆ ಬಂದ ಕಥೆಯಲ್ಲಿ ಒಂದು ವಿನೋದವಿದೆ. ಅದನ್ನು ನಲವತ್ತು ವರ್ಷಗಳ ಕಾಲ ಬಿಡದೆ ಹೇಳಿದವನು ತಾನು ಹುಟ್ಟಿದ ಪ್ರಾಂತದ ಎಲ್ಲೆಯನ್ನು ಎಂದೂ ದಾಟಿದವನಲ್ಲ. ಅವನೇ ತತ್ತ್ವಶಾಸ್ತ್ರದಲ್ಲಿ ಹೆಸರಾದ ಇಮ್ಮಾನುಯೆಲ್ ಕಾಂಟ್. ಅವನ ತತ್ತ್ವಗ್ರಂಥಗಳ ಮಾತನ್ನು ಬಲ್ಲವರಿಗೆ ಬಿಡುತ್ತೇನೆ. ಈ ಹೊತ್ತು ನಮಗೆ ಬೇಕಾದವನು ಭೂಗೋಳದ ಮೇಷ್ಟರಾದ ಕಾಂಟ್.

ಅವನು ೧೭೨೪ರಲ್ಲಿ ಹುಟ್ಟಿದುದೂ ೧೮೦೪ರಲ್ಲಿ ಕಾಲವಾದುದೂ ಒಂದೇ ಊರಿನಲ್ಲಿ. ಪೂರ್ವ ಪ್ರಷ್ಯದ ಕೋನಿಗ್ಸ್‌ಬರ್ಗ್ ಎಂಬ ಪಟ್ಟಣದಲ್ಲಿ. ತಂದೆ ಕುದುರೆಯ ಸಜ್ಜಿನ ತೊಗಲಿನ ಕೆಲಸ ಮಾಡುತ್ತಿದ್ದ ಬಡವ. ಊರು ಪ್ರೇಗೆಲ್ ನದಿಯ ಮೇಲಿದೆ. ಬಾಲ್ಟಿಕ್ ಸಮುದ್ರ ದೂರವಿಲ್ಲ. ಇಂಗ್ಲಿಷರ, ಡಚ್ಚರ ಹಡಗುಗಳು ಅಲ್ಲಿಗೆ ಬಂದು ಹೋಗುತ್ತಿದ್ದುವು. ಇಂಥ ಊರಿನಲ್ಲಿ ಕುಳಿತವನು ಪ್ರಯಾಣ ಮಾಡದೆಯೂ ಲೋಕವನ್ನೂ ಮನುಷ್ಯರನ್ನೂ ತಿಳಿಯಬಹುದೆಂದು ಕಾಂಟನು ತನ್ನ ಮುಪ್ಪಿನಲ್ಲಿ ಬರೆದಿದ್ದಾನೆ. ಆ ಊರಿಗೆ ಒದಗಿದ ಗತಿಯಾದರೋ ಬೇರೆಯಾಯಿತು. ೧೯೪೪ರ ಆಗಸ್ಟ್ ತಿಂಗಳಲ್ಲಿ ಬ್ರಿಟಿಷ್ ವಿಮಾನಗಳು ಅದರ ನಡುಭಾಗವನ್ನು ಸುಟ್ಟವು. ೧೯೪೫ರಲ್ಲಿ ಸೋವಿಯತ್ ಸೈನ್ಯ ಅದನ್ನು ಹಿಡಿಯಿತು. ೧೯೪೬ರಲ್ಲಿ ಅದಕ್ಕೆ ಕಲಿನಿನ್‌ಗ್ರಾದ್ ಎಂಬ ಹೆಸರಾಯಿತು. ಉಳಿದಿದ್ದ ಜರ್ಮನ್ ಜನರನ್ನು ಹೊರಡಿಸಿದರು. ಇಂದು ಅದು ಪೋಲೆಂಡಿಗೂ ಲಿಥುವೇನಿಯಕ್ಕೂ ನಡುವೆ, ತನ್ನ ದೇಶದಿಂದ ಬೇರೆಯಾಗಿ ನಿಂತಿರುವ ರಷ್ಯದ ಒಂದು ತುಂಡು. ಹಳೆಯ ದೇವಾಲಯದ ಗೋಡೆಗೆ ಒತ್ತಿಕೊಂಡು ಕಾಂಟನ ಸಮಾಧಿ ಮಾತ್ರ ಉಳಿದಿದೆ.

೧೭೫೫ರಲ್ಲಿ ಕಾಂಟನಿಗೆ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವ ಅಧಿಕಾರ ದೊರೆಯಿತು, ಸಂಬಳ ದೊರೆಯಲಿಲ್ಲ. ಕೇಳಲು ಬಂದ ವಿದ್ಯಾರ್ಥಿಗಳು ಕೊಟ್ಟ ಶುಲ್ಕವೇ ಮುಖ್ಯವಾದ ಜೀವನಾಧಾರ. ೧೭೭೦ರಲ್ಲಿ ಪ್ರೊಫೆಸರ್ ಪದವಿ ಬರುವವರೆಗೆ ಹದಿನೈದು ವರ್ಷ ಹೀಗೆಯೇ ನಡೆಯಿತು. ಜನ ಬಾರದ ಪಾಠವನ್ನು ಹೇಳಿ ಬದುಕುವುದು ಸಾಧ್ಯವಿರಲಿಲ್ಲವೆಂಬುದನ್ನು ನಾವು ಮರೆಯಬಾರದು. ಆದರೆ ಹೊಟ್ಟೆಯ ಪಾಡೊಂದೇ ಅವನನ್ನು ಭೂಗೋಳಕ್ಕೆ ಎಳೆದುದಲ್ಲ. ೧೭೫೫ನೆಯ ನವೆಂಬರ್ ಒಂದನೆಯ ದಿನ ಲಿಸ್ಬನ್ ನಗರ ಭೂಕಂಪದಿಂದ ಹಾಳಾಯಿತು. ಯೂರೋಪೆಲ್ಲ ತಲ್ಲಣಿಸಿತು, ದೇವರ ಕೋಪವೆಂದು ಅನೇಕರು ಬೋಧಿಸಿದರು. ಮರುವರ್ಷ ಕಾಂಟನು ಮೂರು ಲೇಖನಗಳನ್ನು ಬರೆದು, ಇದು ನೆಲದ ಒಳಗಿನ ಪ್ರಾಕೃತಿಕ ಕಾರಣಗಳಿಂದ ಆಗುವ ಕಾರ್ಯವೆಂದೂ, ನಡುಗುವ ನೆಲದಲ್ಲಿ ಮನೆ ಕಟ್ಟುವ ರೀತಿಯನ್ನು ಮನುಷ್ಯನೇ ಯೋಚಿಸಬೇಕೆಂದೂ ವಾದಿಸಿದನು. ನೆಲದಡಿಯ ಗವಿಗಳಲ್ಲಿ ಉರಿಯುವ ವಸ್ತುಗಳೇ ಕಾರಣವೆಂದು ಅವನು ಊಹಿಸಿದುದು ಈಗ ನಿಲ್ಲತಕ್ಕ ಮಾತಲ್ಲ. ಆ ೧೭೫೬ರ ಬೇಸಗೆಯಲ್ಲಿಯೇ ಪ್ರಾಕೃತಿಕ ಭೂಗೋಳವೆಂಬ ಪಾಠ ಆರಂಭವಾಯಿತು. ೧೭೯೬ರವರೆಗೆ ಸುಮಾರು ೪೮ ಬಾರಿ ಅದನ್ನು ಅವನು ಹೇಳಿದನೆಂದು ಲೆಕ್ಕ.

ಹೆಸರು ಪ್ರಾಕೃತಿಕ ಭೂಗೋಳವೆಂದಿದ್ದರೂ ಒಳಗಿನ ಹರಹು ದೊಡ್ಡದು. ಮೊದಲನೆಯ ಭಾಗದಲ್ಲಿ ಕಡಲು, ನೆಲ, ಬುಗ್ಗೆ, ನದಿ, ಗಾಳಿ, ಭೂಕಂಪ. ಎರಡನೆಯದರಲ್ಲಿ ಮನುಷ್ಯ, ಪ್ರಾಣಿ, ಸಸ್ಯ, ಖನಿಜ. ಮೂರನೆಯದರಲ್ಲಿ ಖಂಡಖಂಡವಾಗಿ ದೇಶಗಳ ವರ್ಣನೆ. ಈ ಮೂರನೆಯ ಭಾಗವೇ ನಾವು ಇಂದು ಪ್ರಾದೇಶಿಕ ಭೂಗೋಳವೆನ್ನುವುದರ ಪೂರ್ವರೂಪ. ೧೭೬೫ರ ಒಂದು ಪ್ರಕಟಣೆಯಲ್ಲಿ ಅವನು ಪಾಠದ ಉದ್ದೇಶವನ್ನು ಬಿಚ್ಚಿ ಹೇಳಿದ್ದಾನೆ. ಎಳೆಯರು ಬಹು ಬೇಗ ತರ್ಕಮಾಡಲು ಕಲಿಯುತ್ತಾರೆ. ಅನುಭವದ ಸ್ಥಾನದಲ್ಲಿ ನಿಲ್ಲತಕ್ಕ ವಾಸ್ತವ ಜ್ಞಾನ ಮಾತ್ರ ಅವರಲ್ಲಿ ಇರುವುದಿಲ್ಲ. ಆ ಕೊರತೆಯನ್ನು ಭೂಗೋಳ ತುಂಬಬೇಕು ಎಂಬುದು ಅದರ ಭಾವ. ಕಾಳು ಹಾಕದೆ ಬೀಸುಕಲ್ಲು ತಿರುಗಿಸಿದರೆ ಹಿಟ್ಟು ಬರುವುದಿಲ್ಲವೆಂದು ನಮ್ಮವರಾದರೆ ಹೇಳುತ್ತಿದ್ದರು.

ಆದರೆ ಕಾಳು ಬಂದುದೆಲ್ಲಿಂದ? ಪುಸ್ತಕಗಳಿಂದ. ೧೭೫೭ರಲ್ಲಿ ಅಚ್ಚು ಹಾಕಿಸಿದ ಪಾಠದ ಪ್ರಕಟಣೆಯಲ್ಲಿ ವಾರೇನಿಯಸ್, ಬ್ಯುಫೋನ್, ಲುಲೋಫ್ಸ್ ಇವರ ಹೆಸರುಗಳನ್ನು ಅವನೇ ಕೊಟ್ಟಿದ್ದಾನೆ. ಇವರ ಜೊತೆಗೆ ಪ್ರವಾಸಿಗಳ, ನಾವಿಕರ, ಪಾದ್ರಿಗಳ, ವರ್ತಕರ ವೃತ್ತಾಂತಗಳನ್ನು ರಾಶಿಯಾಗಿ ಓದಿದನು. ಓದಿದುದು ಅವನ ಮನಸ್ಸಿನಲ್ಲಿ ಕಣ್ಣಾರೆ ಕಂಡಂತೆ ನಿಲ್ಲುತ್ತಿತ್ತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ಅವನು ಒಮ್ಮೆ ಅಳತೆ ಆಕಾರಗಳ ಸಮೇತ ವರ್ಣಿಸಲು, ಕೇಳುತ್ತಿದ್ದ ಇಂಗ್ಲಿಷನೊಬ್ಬನು ತಾವು ಲಂಡನ್ನಿನಲ್ಲಿ ಎಷ್ಟು ವರ್ಷ ಇದ್ದಿರಿ, ತಾವು ವಾಸ್ತುಶಿಲ್ಪಿಗಳೋ ಎಂದು ವಿಚಾರಿಸಿದನಂತೆ. ಅವನ ಶಿಷ್ಯನಾದ ಯಾಖ್‌ಮನ್ ತನ್ನ ಗುರುವಿನ ಚರಿತ್ರೆಯಲ್ಲಿ ಇದನ್ನು ಹೇಳಿದ್ದಾನೆ. ಪ್ರಷ್ಯದ ವಿದ್ಯಾಮಂತ್ರಿ ಜೆಡ್ಲಿಟ್ಸನು ಬರ್ಲಿನ್ನಿನಲ್ಲಿ ಕುಳಿತು ಈ ಪಾಠದ ಟಿಪ್ಪಣಿಗಳನ್ನು ತರಿಸಿಕೊಂಡು ಓದುತ್ತಿದ್ದನು. ಅಧ್ಯಾಪಕರು ಒಪ್ಪಿತವಾದ ಪಠ್ಯಪುಸ್ತಕಗಳನ್ನೇ ಹಿಡಿದು ಪಾಠ ಹೇಳಬೇಕೆಂದು ೧೭೭೮ರಲ್ಲಿ ಆಜ್ಞೆ ಮಾಡಿದವನೂ ಅವನೇ; ಆದರೆ ಕಾಂಟನ ಭೂಗೋಳಕ್ಕೆ, ತಕ್ಕ ಪುಸ್ತಕವಿಲ್ಲವೆಂಬ ಕಾರಣದಿಂದ, ವಿನಾಯಿತಿ ಕೊಟ್ಟನು. ಸರ್ಕಾರದ ಆಜ್ಞೆಗಳಲ್ಲಿ ಇಷ್ಟು ವಿವೇಕ ಕಾಣುವುದು ಅಪರೂಪ.

ಈ ಪುಸ್ತಕವಿದ್ಯೆ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದನ್ನು ನೋಡಬೇಕು. ಗೆದ್ದುದಕ್ಕೆ ಗಾಳಿಯ ವಿಚಾರವೇ ಒಳ್ಳೆಯ ನಿದರ್ಶನ. ಪಾಠ ಆರಂಭವಾದ ವರ್ಷವೇ ಕಾಂಟನು ಗಾಳಿಗಳ ಸಿದ್ಧಾಂತವನ್ನು ಕುರಿತು ಒಂದು ಸಣ್ಣ ಪ್ರಬಂಧವನ್ನು ಬರೆದನು. ಭೂಮಿ ಪಡುವಲಿನಿಂದ ಮೂಡಲಿಗೆ ತಿರುಗುತ್ತದೆ. ಸಮಭಾಜಕವೃತ್ತದ ಬಳಿ ಅದರ ಮೇಲ್ಮೈಯ ವೇಗ ಹೆಚ್ಚು, ಧ್ರುವಗಳ ಕಡೆಗೆ ಕಡಿಮೆ. ಆದುದರಿಂದ ಸಮಭಾಜಕವೃತ್ತದ ಕಡೆಯಿಂದ ಹೊರಟ ಗಾಳಿ ತನ್ನ ಹೆಚ್ಚಿನ ವೇಗವನ್ನು ಹೊತ್ತುಕೊಂಡು ನಿಧಾನವಾಗಿ ತಿರುಗುವ ನೆಲದ ಮೇಲೆ ಬರುತ್ತದೆ. ಅಲ್ಲಿಯವರಿಗೆ ಅದು ಪಡುವಲಿಂದ ಬೀಸುವಂತೆ ಓರೆಯಾಗುತ್ತದೆ. ಹಿಂದೂಮಹಾಸಾಗರದಲ್ಲಿ ಬೇಸಗೆಯ ತಿಂಗಳುಗಳಲ್ಲಿ ನೈರುತ್ಯದಿಂದಲೂ ಚಳಿಗಾಲದಲ್ಲಿ ಈಶಾನ್ಯದಿಂದಲೂ ಗಾಳಿ ಬೀಸುವುದನ್ನು ಅವನು ಈ ತತ್ತ್ವದಿಂದ ವಿವರಿಸಿದನು. ಕಾಯ್ದ ಏಷ್ಯದ ನೆಲ ಕಡಲಿನ ಗಾಳಿಯನ್ನು ಉತ್ತರಕ್ಕೆ ಎಳೆಯುತ್ತದೆ; ಭೂಮಿಯ ತಿರುಗಾಟ ಅದನ್ನು ಓರೆಮಾಡುತ್ತದೆ. ಇಂಗ್ಲೆಂಡಿನ ಹ್ಯಾಡ್ಲಿ ಎಂಬಾತನು ೧೭೩೫ರಲ್ಲಿಯೇ ವಾಣಿಜ್ಯ ಮಾರುತಗಳ ವಿಷಯದಲ್ಲಿ ಇದೇ ತತ್ತ್ವವನ್ನು ಹೇಳಿದ್ದನು. ಕಾಂಟನು ಅದನ್ನು ತಿಳಿಯದೆ ಸ್ವತಂತ್ರವಾಗಿ ಕಂಡುಕೊಂಡನು. ಇಂದಿನ ಗಣಿತ ಇದನ್ನು ಇನ್ನೂ ತಿದ್ದಿದೆ. ಆದರೂ ಬಾಲ್ಟಿಕ್ ತೀರದಲ್ಲಿ ಕುಳಿತವನೊಬ್ಬನು, ಜೂನ್ ತಿಂಗಳಲ್ಲಿ ನಮ್ಮ ಸಹ್ಯಾದ್ರಿಯ ಪಡುವಣ ಮೈಗೆ ಬಡಿಯುವ ಮುಂಗಾರು ಯಾವ ದಿಕ್ಕಿನಿಂದ ಏಕೆ ಬರುತ್ತದೆಂಬುದನ್ನು ಬಹುಮಟ್ಟಿಗೆ ಸರಿಯಾಗಿ ಊಹಿಸಿದನಲ್ಲವೇ?

ಸೋತುದು ಮನುಷ್ಯರ ವಿಚಾರದಲ್ಲಿ. ಅವನ ಪಾಠದ ಟಿಪ್ಪಣಿಗಳಿಂದ ಮುದ್ರಿತವಾದ ಪುಸ್ತಕದಲ್ಲಿ ಜನಾಂಗಗಳ ಒಂದು ಏಣಿಯನ್ನು ಕಟ್ಟಿದೆ. ಮೇಲಿನ ಮೆಟ್ಟಲಿನಲ್ಲಿ ಬಿಳಿಯರು. ಅವರ ಕೆಳಗೆ, ಬುದ್ಧಿಶಕ್ತಿಯಲ್ಲಿ ಕಡಿಮೆಯೆಂದು, ಹಳದಿ ಬಣ್ಣದವರೆಂದು ಕರೆದ ಭಾರತೀಯರು. ಅವರಿಗಿಂತ ಕೆಳಗೆ ಆಫ್ರಿಕದವರು. ಎಲ್ಲರಿಗಿಂತ ಕೆಳಗೆ ಅಮೆರಿಕದ ಕೆಲವು ಮೂಲನಿವಾಸಿಗಳು. ೧೭೭೫ರಲ್ಲಿ ಮಾನವ ಜನಾಂಗಗಳನ್ನು ಕುರಿತು ಅವನು ಬರೆದ ಪ್ರಬಂಧವೂ ಆ ಬೇಸಗೆಯ ಭೂಗೋಳ ಪಾಠದ ಪ್ರಕಟಣೆಯಾಗಿಯೇ ಹೊರಬಂದಿತು. ಬುದ್ಧಿಯ ಎಲ್ಲೆಯನ್ನು ಅಳೆದವನೆಂದು ಲೋಕ ಕೊಂಡಾಡುವ ಮನುಷ್ಯನು ಇಂಥ ಮಾತನ್ನು ತರುಣರ ಮುಂದೆ ವರ್ಷ ವರ್ಷವೂ ಆಡಿದನೆಂಬುದು ಸಣ್ಣ ಸಂಗತಿಯಲ್ಲ. ಆ ಕಾಲವೇ ಹಾಗಿತ್ತೆಂದು ಹೇಳಿ ಮುಂದಕ್ಕೆ ಹೋಗುವವರುಂಟು. ನನಗೆ ಅದು ಸಮಾಧಾನ ಕೊಡುವುದಿಲ್ಲ.

ಒಂದೇ ಬಗೆಯ ಓದಿನಿಂದ ಗಾಳಿಯ ವಿಷಯದಲ್ಲಿ ಒಳನೋಟವೂ ಮನುಷ್ಯರ ವಿಷಯದಲ್ಲಿ ಈ ಕುರುಡೂ ಹೇಗೆ ಬಂದುವು? ನನಗೆ ತೋರುವುದು ಇಷ್ಟು. ಗಾಳಿಯನ್ನು ಕುರಿತು ಸಾಕ್ಷಿ ಹೇಳಿದವರು ನಾವಿಕರು. ಅವರ ಮಾತು ಸುಳ್ಳಾದರೆ ಹಡಗು ದಾರಿ ತಪ್ಪುತ್ತಿತ್ತು, ಸರಕು ಮುಳುಗುತ್ತಿತ್ತು. ಒಬ್ಬನ ಮಾತನ್ನು ಮುಂದಿನ ವರ್ಷ ಹತ್ತು ಹಡಗುಗಳು ಪರೀಕ್ಷಿಸುತ್ತಿದ್ದುವು. ಮನುಷ್ಯರನ್ನು ಕುರಿತು ಸಾಕ್ಷಿ ಹೇಳಿದವರಲ್ಲಿ ಅನೇಕರು ಅವರನ್ನು ಕೊಂಡವರು, ಮಾರಿದವರು, ಆಳಿದವರು, ಮತಾಂತರ ಮಾಡಹೊರಟವರು. ಇವರು ತಪ್ಪು ಹೇಳಿದರೆ ಇವರಿಗೆ ನಷ್ಟವಿರಲಿಲ್ಲ, ಲಾಭವೇ ಇರುತ್ತಿತ್ತು. ವರ್ಣನೆಗೆ ಒಳಗಾದವರಾದರೋ ಕೋನಿಗ್ಸ್‌ಬರ್ಗಿನ ಬೆಂಚಿನ ಮೇಲೆ ಕುಳಿತು, ಅದು ಹಾಗಲ್ಲವೆಂದು ಎದ್ದು ಹೇಳುವಂತಿರಲಿಲ್ಲ.

ಹಾಗೆ ಎದ್ದು ಹೇಳಿದವರು ಬೇರೆ ಇಬ್ಬರು. ಒಬ್ಬನು ಹೆರ್ಡರ್, ೧೭೬೨ರಿಂದ ೧೭೬೪ರವರೆಗೆ ಕಾಂಟನ ಪಾಠ ಕೇಳಿದವನು. ಅವನ ಬಡತನವನ್ನು ಕಂಡು ಕಾಂಟನು ಶುಲ್ಕವಿಲ್ಲದೆ ಕೂಡಿಸಿಕೊಂಡಿದ್ದನು. ಮುಂದೆ ಹೆರ್ಡರನು ಮಾನವಚರಿತ್ರೆಯನ್ನು ಕುರಿತ ತನ್ನ ಮಹಾಗ್ರಂಥದಲ್ಲಿ ಮನುಷ್ಯರನ್ನು ಜನಾಂಗಗಳಾಗಿ ಒಡೆಯುವ ಮಾತನ್ನೇ ನಿರಾಕರಿಸಿದನು. ಗುರುವು ೧೭೮೫ರಲ್ಲಿ ಆ ಗ್ರಂಥವನ್ನು ಕಟುವಾಗಿ ವಿಮರ್ಶಿಸಿದನು. ಇನ್ನೊಬ್ಬನು ಗಿಯೋರ್ಗ್ ಫಾರ್ಸ್ಟರ್. ಇವನು ಹದಿನೇಳು ವರ್ಷದ ಹುಡುಗನಾಗಿ ಕ್ಯಾಪ್ಟನ್ ಕುಕ್ಕನ ಎರಡನೆಯ ಯಾತ್ರೆಯಲ್ಲಿ ತಂದೆಯೊಡನೆ ಹೊರಟು, ೧೭೭೨ರಿಂದ ೧೭೭೫ರವರೆಗೆ ಭೂಮಿಯನ್ನು ಸುತ್ತಿ, ಶಾಂತಸಾಗರದ ದ್ವೀಪಗಳ ಜನರೊಡನೆ ಬೆರೆತು ಬಂದವನು. ಕುರ್ಚಿಯಲ್ಲಿ ಕುಳಿತ ತತ್ತ್ವಜ್ಞಾನಿ ಬೇಕಾದುದನ್ನೇ ಹುಡುಕಿ ಕಾಣುತ್ತಾನೆಂದು ೧೭೮೬ರಲ್ಲಿ ಇವನು ಕಾಂಟನ ಮೇಲೆ ಲೇಖನ ಬರೆದನು. ಕರಿಯರನ್ನು ಗುಲಾಮರನ್ನಾಗಿ ಮಾಡಿದವರ ಕ್ರೌರ್ಯವನ್ನು ಅದರಲ್ಲಿಯೇ ಖಂಡಿಸಿದನು. ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಎಲ್ಲ ಮನುಷ್ಯರೂ ಒಂದೇ ಮೂಲದಿಂದ ಬಂದ ಒಂದೇ ಜಾತಿಯವರೆಂದು ಹಟಹಿಡಿದು ಸಾಧಿಸಿದವನು ಊರು ಬಿಡದ ಕಾಂಟನೇ. ಜಗತ್ತನ್ನು ಸುತ್ತಿ ಬಂದ ಫಾರ್ಸ್ಟರನು ಅದನ್ನು ಸಂದೇಹಿಸಿದನು. ಕಣ್ಣಿನಿಂದ ಕಂಡವನಿಗೆ ಎಲ್ಲವೂ ತಿಳಿಯಿತೆಂದು ಹೇಳುವಂತಿಲ್ಲ.

೧೭೯೫ರಲ್ಲಿ, ಪಾಠವನ್ನು ನಿಲ್ಲಿಸುವ ಹಿಂದಿನ ವರ್ಷ, ಕಾಂಟನು ಶಾಶ್ವತ ಶಾಂತಿಯನ್ನು ಕುರಿತ ಸಣ್ಣ ಪುಸ್ತಕವನ್ನು ಹೊರತಂದನು. ಅದರಲ್ಲಿ ಭೂಗೋಳದ ಮೊದಲ ಪಾಠವೇ ನ್ಯಾಯದ ಆಧಾರವಾಗಿ ಬಂದಿದೆ. ಭೂಮಿ ಗುಂಡಗಿದೆ, ಅದರ ಮೇಲ್ಮೈಗೆ ಮಿತಿಯಿದೆ, ಮನುಷ್ಯರು ಕೊನೆಯಿಲ್ಲದೆ ಚದುರಿಹೋಗಲಾರರು, ಎಂದಾದರೂ ಒಬ್ಬರನ್ನೊಬ್ಬರು ಎದುರುಗೊಳ್ಳಲೇಬೇಕು. ಆದುದರಿಂದ ಪರದೇಶದವನಿಗೆ ಬಂದು ಮಾತನಾಡಿಸುವ ಹಕ್ಕುಂಟು, ಬಂದ ನೆಲವನ್ನು ಕಿತ್ತುಕೊಳ್ಳುವ ಹಕ್ಕಿಲ್ಲ. ಯೂರೋಪಿನವರು ಹಿಂದೂಸ್ಥಾನದಲ್ಲಿ ಅಂಗಡಿ ಇಡುವ ನೆಪದಿಂದ ಸೈನ್ಯವನ್ನು ತಂದು ಅಲ್ಲಿಯ ಜನರನ್ನು ತುಳಿದು ಯುದ್ಧಕ್ಕೂ ಕ್ಷಾಮಕ್ಕೂ ಗುರಿಮಾಡಿದರೆಂದು ಅವನು ಹೆಸರು ಹಿಡಿದು ದೂರಿದ್ದಾನೆ. ಇದಕ್ಕೆ ಮೂರು ವರ್ಷ ಮುಂಚೆ, ೧೭೯೨ರ ಒಪ್ಪಂದದಲ್ಲಿ, ಟಿಪ್ಪುಸುಲ್ತಾನನ ರಾಜ್ಯದಲ್ಲಿ ಅರ್ಧ ಹೋಗಿತ್ತು. ಪುಸ್ತಕ ಹೊರಬಂದ ನಾಲ್ಕು ವರ್ಷಕ್ಕೆ, ೧೭೯೯ರ ಮೇ ತಿಂಗಳಲ್ಲಿ, ಶ್ರೀರಂಗಪಟ್ಟಣ ಬಿದ್ದಿತು. ಹಳೆಯ ಏಣಿಯನ್ನು ಕಾಂಟನು ಅಷ್ಟು ಹೊತ್ತಿಗೆ ಮನಸ್ಸಿನಿಂದ ತೆಗೆದುಹಾಕಿದ್ದನೋ ಇಲ್ಲವೋ ಎಂಬ ವಿಚಾರದಲ್ಲಿ ಪಂಡಿತರಿಗೆ ಇಂದಿಗೂ ಒಮ್ಮತವಿಲ್ಲ. ತೆಗೆದುಹಾಕಿದೆನೆಂದು ಅವನು ಎಲ್ಲಿಯೂ ಬಾಯಿಬಿಟ್ಟು ಹೇಳಲಿಲ್ಲವೆಂಬುದು ಮಾತ್ರ ದಿಟ.

ಅವನ ತರುವಾಯ ೧೮೨೦ರಲ್ಲಿ ಕಾರ್ಲ್ ರಿಟ್ಟರನು ಬರ್ಲಿನ್ನಿನಲ್ಲಿ ಭೂಗೋಳ ಹೇಳಲು ಬಂದನು. ಏಷ್ಯ ಆಫ್ರಿಕಗಳ ಮೇಲೆ ಹತ್ತೊಂಬತ್ತು ಸಂಪುಟಗಳನ್ನು ಬರೆದನು. ಈ ಶಾಸ್ತ್ರಕ್ಕೆ ವಿದ್ಯಾಪೀಠದಲ್ಲಿ ಗಟ್ಟಿಯಾದ ಪೀಠ ಸಿಕ್ಕಿದುದು ಆಗ.

ಕಾಂಟನ ಪಾಠ ಪುಸ್ತಕವಾದ ಸಂಗತಿಯೊಂದು ಉಳಿದಿದೆ. ಅವನು ಮುದುಕನಾಗಿದ್ದಾಗ ಫೋಲ್‌ಮರ್ ಎಂಬ ಪ್ರಕಾಶಕನು ವಿದ್ಯಾರ್ಥಿಗಳ ಟಿಪ್ಪಣಿಗಳನ್ನು ಕೂಡಿಹಾಕಿ, ೧೮೦೧ರಲ್ಲಿ ಕಾಂಟನ ಭೂಗೋಳವೆಂದು ಅಚ್ಚುಹಾಕಲಾರಂಭಿಸಿದನು. ಇದು ನನ್ನದಲ್ಲವೆಂದು ಕಾಂಟನು ಪತ್ರಿಕೆಯಲ್ಲಿ ಪ್ರಕಟಿಸಿ, ರಿಂಕ್ ಎಂಬ ಶಿಷ್ಯನಿಗೆ ತನ್ನ ಕಾಗದಗಳನ್ನು ಒಪ್ಪಿಸಿದನು. ೧೮೦೨ರಲ್ಲಿ ರಿಂಕನ ಪುಸ್ತಕ ಬಂದಿತು. ನೂರು ವರ್ಷ ಎಲ್ಲರೂ ಅದನ್ನೇ ಕಾಂಟನ ಕೊನೆಯ ಮಾತೆಂದು ಓದಿದರು. ೧೯೧೧ರಲ್ಲಿ ಏರಿಖ್ ಆಡಿಕೆಸ್ ಎಂಬ ವಿದ್ವಾಂಸನು ಕೈಬರಹಗಳನ್ನು ಒಂದಕ್ಕೊಂದು ಹೋಲಿಸಿ, ಪುಸ್ತಕದ ಮೊದಲ ಭಾಗ ೧೭೭೦ರ ದಶಕದ ಟಿಪ್ಪಣಿಯೆಂದೂ ಉಳಿದುದು ಪಾಠದ ಮೊದಲ ವರ್ಷಗಳಲ್ಲಿ ಸಿದ್ಧವಾದ ಬರಹವೆಂದೂ ತೋರಿಸಿಕೊಟ್ಟನು. ಜನಾಂಗಗಳ ಏಣಿಯೂ ದೇಶಗಳ ವರ್ಣನೆಯೂ ಈ ಹಳೆಯ ಭಾಗದಲ್ಲಿಯೇ ಇವೆ. ಅವನ್ನು ಬರೆದಾಗ ಕಾಂಟನು ಮೂವತ್ತರ ಆಸುಪಾಸಿನ, ಸಂಬಳವಿಲ್ಲದ ಉಪಾಧ್ಯಾಯ. ಅವು ಅಚ್ಚಾಗಿ ಬಂದಾಗ ಎಪ್ಪತ್ತೆಂಟು ವರ್ಷದ, ನೆನಪು ಕುಂದಿದ ವೃದ್ಧ. ನಡುವಣ ವರ್ಷಗಳಲ್ಲಿ ತರಗತಿಯಲ್ಲಿ ಅವನು ಏನನ್ನು ಬಿಟ್ಟನು, ಏನನ್ನು ಸೇರಿಸಿದನು ಎಂಬುದನ್ನು ವಿದ್ಯಾರ್ಥಿಗಳ ಟಿಪ್ಪಣಿಯ ಪುಸ್ತಕಗಳಿಂದಲೇ ಹೆಕ್ಕಬೇಕಾಗಿದೆ. ಆ ಕೈಬರಹಗಳನ್ನು ಒಂದೊಂದಾಗಿ ಸಂಪಾದಿಸಿ ಅಚ್ಚು ಹಾಕಿಸುವ ಕೆಲಸ ಜರ್ಮನಿಯಲ್ಲಿ ಈ ಇಪ್ಪತ್ತೊಂದನೆಯ ಶತಮಾನದಲ್ಲಿಯೂ ನಡೆದು ಬಂದಿದೆ.