ತೆಳುಮಸಿಯಲ್ಲಿ ಕಂಡ ಕಲ್ಲಿನ ಸೇತುವೆ

ಛಾಯಾಚಿತ್ರದ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅದಕ್ಕೂ ಮೊದಲು ಒಂದು ನದಿಯ ಹರವನ್ನೋ ಕೋಟೆಯ ಬುರುಜನ್ನೋ ಸೇತುವೆಯ ಕಟ್ಟಣವನ್ನೋ ದೂರದಲ್ಲಿ ಕುಳಿತವರಿಗೆ ಕಾಣಿಸಬೇಕಾದರೆ ಕೈಯಿಂದ ಬರೆದೇ ಕಾಣಿಸಬೇಕಿತ್ತು. ಈ ಕೆಲಸಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಗಳು ಹೆಚ್ಚಾಗಿ ನೆಚ್ಚಿಕೊಂಡದ್ದು ‘ವಾಷ್’ ಚಿತ್ರವನ್ನು.

ಇದರ ವಿಧಾನ ಸರಳ. ಮೊದಲು ಸೀಸದಕಡ್ಡಿಯಿಂದಲೋ ಲೇಖನಿಯಿಂದಲೋ ಗೆರೆ ಎಳೆಯುತ್ತಾರೆ. ಅನಂತರ ಕಪ್ಪು ಇಲ್ಲವೆ ಕಂದು ಮಸಿಯನ್ನು ನೀರಿನಲ್ಲಿ ತೆಳುವಾಗಿಸಿ, ಕುಂಚದಿಂದ ಪದರ ಪದರವಾಗಿ ಬಳಿಯುತ್ತಾರೆ. ಬೆಳಕು ಬೀಳುವ ಕಡೆ ಕಾಗದದ ಬಿಳುಪು ಹಾಗೆಯೇ ಉಳಿಯುತ್ತದೆ. ಸೇತುವೆಗಂತೂ ಇದು ಹೇಳಿ ಮಾಡಿಸಿದ ವಿಧಾನ. ಕಂಬದ ಬಿಸಿಲು ಬಿದ್ದ ಮೈ ಬೆಳ್ಳಗೆ, ತೊಲೆಯ ಕೆಳಗಣ ನೆರಳು ಕಡುಗಪ್ಪು, ನೀರಿಗೆ ಒಂದೇ ತೆಳು ಪದರ. ಇಷ್ಟರಲ್ಲೇ ಕಟ್ಟಣದ ಗುಟ್ಟು ಬಯಲಾಗುತ್ತದೆ.

ಇಂಥ ಚಿತ್ರಕಲೆ ಅಂದಿನ ಸೇನಾ ಶಿಕ್ಷಣದ ಒಂದು ಪಾಠವೇ ಆಗಿತ್ತು. ಇಂಗ್ಲೆಂಡಿನ ವೂಲಿಚ್ ಸೈನಿಕ ಶಾಲೆಯಲ್ಲಿ ಪ್ರಸಿದ್ಧ ಚಿತ್ರಕಾರ ಪಾಲ್ ಸ್ಯಾಂಡ್‌ಬಿ 1768ರಿಂದ 1796ರವರೆಗೆ ಚಿತ್ರಕಲೆಯ ಮುಖ್ಯ ಶಿಕ್ಷಕನಾಗಿದ್ದ. ಸೇನೆ ನದಿ ದಾಟುವ ಜಾಗವನ್ನು ಗುರುತಿಸುವುದಕ್ಕೆ ಈ ವಿದ್ಯೆ ಬೇಕಾಗಿತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಮೈಸೂರು ಸೀಮೆಯ ಸರ್ವೆಗೆ ನೇಮಕಗೊಂಡ ಕಾಲಿನ್ ಮೆಕೆಂಜಿ ಶಾಸನ, ಕೈಫಿಯತ್ತುಗಳ ಜೊತೆಗೆ ಚಿತ್ರಗಳನ್ನೂ ಕಲೆಹಾಕಿದ. ಅವನ ಸಂಗ್ರಹದ ಸಾವಿರಕ್ಕೂ ಮಿಕ್ಕಿದ ಚಿತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಸರ್ವೆಯ ಕೆಲಸ ನಡೆಯುತ್ತಿದ್ದ ಆ ವರ್ಷಗಳಲ್ಲೇ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಹೊಸ ಸೇತುವೆ ಎದ್ದಿತು. 1804ರಲ್ಲಿ ಪೂರ್ಣಗೊಂಡ ಈ ಸೇತುವೆಗೆ ಅಂದಿನ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಹೆಸರಿಡಲಾಯಿತು. ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಇವನ ತಮ್ಮ. ಇಬ್ಬರನ್ನೂ ಒಬ್ಬರೆಂದು ತಿಳಿಯುವವರುಂಟು. ಕೆಲಸದ ಮೇಲ್ವಿಚಾರಣೆ ದಿವಾನ್ ಪೂರ್ಣಯ್ಯನವರದು. ಹೈದರ್, ಟಿಪ್ಪು ಇಬ್ಬರ ಆಡಳಿತದಲ್ಲೂ ದುಡಿದಿದ್ದ ಪೂರ್ಣಯ್ಯನವರು, ಟಿಪ್ಪುವನ್ನು ಸೋಲಿಸಿದ ಕಂಪನಿಯ ಮುಖ್ಯಸ್ಥನ ಹೆಸರಿನಲ್ಲಿ ಸೇತುವೆ ಕಟ್ಟಿಸಬೇಕಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಆಗಿನ್ನೂ ಹತ್ತು ವರ್ಷದ ಬಾಲಕ. ಕಾಲದ ಒತ್ತಡ ಹಾಗಿತ್ತು.

ಆದರೆ ಹೆಸರು ಹೇಳುವ ಕಥೆ ಒಂದು, ಕಟ್ಟಣ ಹೇಳುವ ಕಥೆ ಇನ್ನೊಂದು. ಇದು ಯುರೋಪಿನ ಮಾದರಿಯ ಕಮಾನು ಸೇತುವೆಯಲ್ಲ. ನದಿಯಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳು, ಅವುಗಳ ತಲೆಯ ಮೇಲೆ ಚಾಚುಗಲ್ಲುಗಳು, ಅದರ ಮೇಲೆ ಉದ್ದನೆಯ ಕಲ್ಲಿನ ತೊಲೆಗಳು. ದೇವಾಲಯದ ಮಂಟಪಗಳನ್ನು ಕಟ್ಟುವ ಕ್ರಮವೂ ಇದೇ. ಹೆಸರು ಇಂಗ್ಲಿಷರದಾದರೂ ಕಸುಬು ಈ ನಾಡಿನ ಕಲ್ಲುಕುಟಿಗರದು. ಕಂಬ, ಚಾಚುಗಲ್ಲು, ತೊಲೆಗಳನ್ನು ನೆರಳು ಬೆಳಕಿನಲ್ಲಿ ಬಿಡಿಸಿ ತೋರಿಸುವ ತೆಳುಮಸಿಯ ಚಿತ್ರದಲ್ಲಿ ಈ ಎರಡನೆಯ ಕಥೆ ತಾನಾಗಿ ಓದಿಕೊಳ್ಳುತ್ತದೆ.

ಇಂಥ ಚಿತ್ರಗಳ ಬೆಲೆ ತಿಳಿಯುವುದು ಕಟ್ಟಡ ಕುಸಿದಾಗ. ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರರು 19ನೆಯ ಶತಮಾನದ ಮೊದಲ ದಶಕಗಳಲ್ಲಿ ಇದೇ ಬಗೆಯಲ್ಲಿ ಕಲ್ಲುಕಂಬಗಳ ಸೇತುವೆಗಳನ್ನು ಕಟ್ಟಿಸಿದ್ದರು. ಅವುಗಳಲ್ಲಿ ವೆಸ್ಲಿ ಸೇತುವೆ ಎಂದು ಜನ ಕರೆಯುವ ಸೇತುವೆಯ ಒಂದು ಭಾಗ 2018ರ ಕಾವೇರಿ ಪ್ರವಾಹದಲ್ಲಿ ಕೊಚ್ಚಿಹೋಯಿತು. ಬಿದ್ದ ಕಲ್ಲುಗಳನ್ನು ಮರಳಿ ಅದೇ ಕ್ರಮದಲ್ಲಿ ಜೋಡಿಸಬೇಕಾದರೆ ಯಾವ ಕಲ್ಲು ಎಲ್ಲಿತ್ತು ಎಂಬುದು ಗೊತ್ತಿರಬೇಕು.

ಗೆದ್ದವರು ತಮ್ಮ ಅನುಕೂಲಕ್ಕೆ ಬರೆಸಿಕೊಂಡ ಚಿತ್ರಗಳು ಇಂದು ನಮಗೆ ಆಧಾರವಾಗಿರುವುದು ಚರಿತ್ರೆಯ ವಿಚಿತ್ರ. ನದಿಯಲ್ಲಿ ಇನ್ನೂ ನಿಂತಿರುವ ಸೇತುವೆಗಳನ್ನಾದರೂ, ಮುಂದಿನ ಪ್ರವಾಹಕ್ಕೆ ಮೊದಲು, ಅಷ್ಟೇ ಶ್ರದ್ಧೆಯಿಂದ ಅಳೆದು ಬರೆದಿಡುವ ಕೆಲಸ ನಮ್ಮದೇ.