ಭೂಕಂಪ ಮೋಡ

ನೆಲ ನಡುಗುವ ಮೊದಲು ಆಕಾಶದಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಕೆಲವರು ನಂಬುವ ವಿಚಿತ್ರ ಆಕಾರದ ಮೋಡ. ನಂಬಿಕೆ ಹಳೆಯದು: ವರಾಹಮಿಹಿರನ 'ಬೃಹತ್ಸಂಹಿತೆ'ಯ 32ನೇ ಅಧ್ಯಾಯ ಭೂಕಂಪ ಲಕ್ಷಣಗಳಿಗೇ ಮೀಸಲು, ಅಲ್ಲಿನ ಸೂಚನೆಗಳಲ್ಲಿ ಮೋಡವೂ ಇದೆ. ಅಮೆರಿಕದಲ್ಲಿ ನೆಲೆಸಿದ ಚೀನಾ ಮೂಲದ ರಸಾಯನತಜ್ಞ ಝೊಂಗ್‌ಹಾವ್ ಶೌ, 2003ರ ಡಿಸೆಂಬರ್ 26ರ ಇರಾನಿನ ಬಾಮ್ ಭೂಕಂಪವನ್ನು ಉಪಗ್ರಹ ಚಿತ್ರದ ಮೋಡ ನೋಡಿ ಮೊದಲೇ ಹೇಳಿದ್ದೆ ಎಂದರು. ಬಿರುಕುಗಳಿಂದ ಏಳುವ ಬಿಸಿ ಆವಿಯೇ ಮೋಡವಾಗುತ್ತದೆ ಎಂಬುದು ಅವರ ವಾದ.

ಈ ವಾದವನ್ನು ಕರ್ನಾಟಕದ ಯಾದಗಿರಿ ಜಿಲ್ಲೆಗೆ ಹಚ್ಚಿ ನೋಡಿ: ಬಿರುಕಿಗೇನೂ ಅಲ್ಲಿ ಕೊರತೆಯಿಲ್ಲ. ಯಾದಗಿರಿ, ಸುರಪುರದ ಗುಡ್ಡಗಳು ಪುರಾತನ ಗ್ರಾನೈಟಿನವು; ಶಹಾಪುರ ತಾಲ್ಲೂಕಿನ ಗೋಗಿ ಬಳಿ ಈ ಗ್ರಾನೈಟಿಗೂ ಭೀಮಾ ಕಣಿವೆಯ ಸುಣ್ಣಕಲ್ಲಿಗೂ ನಡುವೆ ಸ್ತರಭಂಗವೊಂದು ಹಾದುಹೋಗಿದೆ, ಅದರ ಗುಂಟವೇ ಯುರೇನಿಯಂ ಸಿಕ್ಕಿದೆ. ಆದರೆ ಸ್ತರಭಂಗ ಇದ್ದಮಾತ್ರಕ್ಕೆ ಆವಿ ಏಳುವುದಿಲ್ಲ. ಮೋಡ ಸಾಮಾನ್ಯವಾಗಿ ನಿಂತಲ್ಲಿ ನಿಲ್ಲುವುದೂ ಇಲ್ಲ. ಗಾಳಿಗೆ ಸಿಕ್ಕಿ ಒಂದೇ ದಿನದಲ್ಲಿ ನೂರಾರು ಕಿಲೋಮೀಟರ್ ಸಾಗುತ್ತದೆ. ಪಟ್ಟೆ, ಅಲೆ, ಮಸೂರದಂಥ ಆಕಾರಗಳಿಗೆ ಗಾಳಿಯ ಅಲೆಗಳೂ ವಿಮಾನದ ಹೊಗೆಗೆರೆಯೂ ಸಾಕು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಮಂದಿ ಸತ್ತರು. ಅಂದು ಕಲಬುರಗಿ ಜಿಲ್ಲೆಯ ಭಾಗವಾಗಿದ್ದ ಯಾದಗಿರಿ ಸೀಮೆಗೆ ಅದು ದೂರದ್ದೇನಲ್ಲ. ಮುಂಗಾರು ಹಿಂದೆಗೆಯುವ ಆ ದಿನಗಳಲ್ಲಿ ಮೋಡ ಇಲ್ಲದ ಆಕಾಶವೇ ಅಪರೂಪ. ನಡುಕದ ಮರುದಿನ ಹಿಂದಿನ ಮೋಡವನ್ನು ನೆನಪಿಸಿಕೊಳ್ಳುವವರು, ನಡುಕವಾಗದ ದಿನಗಳ ಮೋಡವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗೆ ಸದ್ದು ಕೇಳಿ ಜನ ಬಯಲಲ್ಲಿ ಮಲಗಿದರು. ತಜ್ಞರು ಕಣ್ಣಿಟ್ಟಿದ್ದು ಆಕಾಶದ ಮೇಲಲ್ಲ, ಭೂಕಂಪಮಾಪಕದ ಮೇಲೆ.